ಹೊಲಿಗೆ ಬೇಡ, ಗಂಟು ಸಾಕು: ಉಡುಗೊರೆಗೆ ಅರಿವಿ (ಬಟ್ಟೆ) ಕಟ್ಟುವ ಬಗೆ

ಪ್ರಶ್ನೆ: ನಮ್ಮದು ಕೊಪ್ಪಳ. ಬರುವ ತಿಂಗಳು ಮಗಳ ಕುಬಸ (ಸೀಮಂತ) ಇಟ್ಟುಕೊಂಡಿದ್ದೇವೆ. ಬಂದ ನಲವತ್ತು ಮುತ್ತೈದೆಯರಿಗೆ ಒಂದೊಂದು ಸಣ್ಣ ಸ್ಟೀಲ್ ಡಬ್ಬಿ, ಬೀಗತಿಗೆ ಸೀರೆ, ಬೆಂಗಳೂರಿನಿಂದ ಬರುವ ಮಗಳ ಗೆಳತಿಗೆ ಒಂದು ಕಿನ್ನಾಳ ಗೊಂಬೆ ಕೊಡುವ ವಿಚಾರವಿದೆ. ಮಿರಮಿರ ಮಿಂಚುವ ಕಾಗದ ಸುತ್ತಿ, ಹರಿದು, ಕಸಕ್ಕೆ ಹಾಕುವುದು ಮಗಳಿಗೆ ಇಷ್ಟವಿಲ್ಲ. ಬಟ್ಟೆಯಲ್ಲೇ ಕಟ್ಟೋಣ ಅನ್ನುತ್ತಾಳೆ. ನನಗೆ ಹೊಲಿಗೆ ಬರುವುದಿಲ್ಲ, ಮನೆಯಲ್ಲಿ ಮಿಷಿನ್ನೂ ಇಲ್ಲ. ಟ್ರಂಕಿನಲ್ಲಿ ಉಡಿಗೆ (ಮಡಿಲಿಗೆ) ಬಂದ ಜಂಪರ್ (ರವಿಕೆ) ಪೀಸುಗಳ ರಾಶಿ ಇದೆ, ಎರಡು ಮೂರು ಹಳೆ ಕಾಟನ್ ಸೀರೆಗಳಿವೆ. ಎಷ್ಟು ದೊಡ್ಡ ಬಟ್ಟೆ ಬೇಕು? ಹೊಲಿಯದಿದ್ದರೆ ಅಂಚು ಎಳೆ ಬಿಡುವುದಿಲ್ಲವೇ? ಗಂಟು ದಾರಿಯಲ್ಲೇ ಬಿಚ್ಚಿಕೊಂಡರೆ? ಹಿರಿಯರು ಏನಾದರೂ ಅಂದುಕೊಂಡರೆ?

ಉತ್ತರ: ತಂಗಿ, ಮೊದಲ ಮಾತು, ಆ ಜಂಪರ್ ಪೀಸುಗಳಿಗೆ ಕತ್ತರಿ ಹಾಕಬೇಡಿ. ಸುತ್ತಿದ ಬಟ್ಟೆ ನಿಜಕ್ಕೂ ಮತ್ತೆ ಬಳಕೆಗೆ ಬರಬೇಕಾದರೆ, ಗಂಟು ಬಿಚ್ಚಿದ ಮೇಲೂ ಅದಕ್ಕೆ ಆ ಮನೆಯಲ್ಲಿ ಒಂದು ಕೆಲಸ ಇರಬೇಕು. ಇಡೀ ಜಂಪರ್ ಪೀಸ್ ಕೊಟ್ಟರೆ ಹೊಲಿಸಿಕೊಳ್ಳುತ್ತಾರೆ, ಇಲ್ಲವೇ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಟಾವೆಲ್ ಕೊಟ್ಟರೆ ಮೈ ಒರೆಸಿಕೊಳ್ಳುತ್ತಾರೆ. ದೊಡ್ಡ ಚೌಕದ ಕಾಟನ್ ಬಟ್ಟೆಯಲ್ಲಿ ರೊಟ್ಟಿ ಸುತ್ತಿಡುತ್ತಾರೆ. ಆದರೆ ಉಡುಗೊರೆಗೆಂದೇ ಕತ್ತರಿಸಿದ ಸ್ಯಾಟಿನ್ ತುಂಡು, ನೆಟ್ ತುಂಡು ನೋಡಲು ಚಂದ ಇದ್ದರೂ ಯಾವ ಕೆಲಸಕ್ಕೂ ಬರುವುದಿಲ್ಲ. ಕಪಾಟಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಕೊನೆಗೆ ಅದೂ ಕಸಕ್ಕೇ ಹೋಗುತ್ತದೆ. ಹಾಗಾಗಿ ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ಮುಂಚೆ, ಇದು ಆಮೇಲೆ ಅವರಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳಿ.

ಮಗಳ ಮಾತಿನಲ್ಲಿ ಹುರುಳಿದೆ. ಅಂಗಡಿಯಲ್ಲಿ ಸಿಗುವ ಮಿಂಚುವ ಗಿಫ್ಟ್ ಪೇಪರ್ ಬಹಳಷ್ಟು ಸಲ ಕಾಗದವೇ ಅಲ್ಲ, ಪ್ಲಾಸ್ಟಿಕ್ ಹಾಳೆ, ಅಥವಾ ಪ್ಲಾಸ್ಟಿಕ್ ಅಂಟಿಸಿದ ಕಾಗದ. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ನೋಡಿ. ಮುದುಡಿದ ಹಾಗೇ ಉಳಿದರೆ ಕಾಗದ, ತಾನಾಗಿ ಅರಳಿಕೊಂಡರೆ ಪ್ಲಾಸ್ಟಿಕ್. ಅದನ್ನು ರದ್ದಿಯವರೂ ತೆಗೆದುಕೊಳ್ಳುವುದಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಿಹಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆಯೂ ಸೇರಿದೆ.

ಈಗ ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಕಣ್ಣಳತೆಗೆ ಸಾಕು ಅನ್ನಿಸಿದ ಬಟ್ಟೆ ಕಟ್ಟಲು ಕೂತಾಗ ನಾಲ್ಕು ಬೆರಳು ಕಡಿಮೆ ಬೀಳುತ್ತದೆ. ಟೇಪು ಬೇಡ, ಲೆಕ್ಕವೂ ಬೇಡ, ಒಂದು ದಾರ ತೆಗೆದುಕೊಳ್ಳಿ. ಡಬ್ಬಿಯ ಉದ್ದನೆಯ ಬದಿಯ ಉದ್ದಕ್ಕೆ, ತಳದಿಂದ ಮುಚ್ಚಳದ ಮೇಲೆ ಹಾಯಿಸಿ ಒಂದು ಪೂರ್ತಿ ಸುತ್ತು ಸುತ್ತಿ. ಅದರ ಮೇಲೆ ಒಂದೂವರೆ ಗೇಣು ಸೇರಿಸಿ. ಆ ದಾರ ಬಟ್ಟೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಮುಟ್ಟಬೇಕು, ಅಂದರೆ ಕರ್ಣದ ಉದ್ದ ಅಷ್ಟಿರಬೇಕು. ಒಂದೂವರೆ ಗೇಣು ಗಂಟಿನ ಪಾಲು, ಸುಮಾರು 30 ಸೆಂ.ಮೀ. ಅದಕ್ಕಿಂತ ಕಡಿಮೆ ಆದರೆ ಗಂಟಿನ ತುದಿಗಳು ಮೊಂಡಾಗಿ, ಕೈಗೆ ಸಿಗದೆ ಹೋಗುತ್ತವೆ.

ನಿಮ್ಮ ವಸ್ತುಗಳಿಗೇ ಇದನ್ನು ಹಚ್ಚಿ ನೋಡೋಣ. ಸೀರೆಯ ಪೆಟ್ಟಿಗೆ 40 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರ ಅಂದುಕೊಳ್ಳಿ. ಒಂದು ಸುತ್ತಿಗೆ 90, ಗಂಟಿಗೆ 30, ಒಟ್ಟು 120 ಸೆಂ.ಮೀ. ಕರ್ಣ. ಚೌಕ ಬಟ್ಟೆಯಾದರೆ ಒಂದೊಂದು ಬದಿ 85 ಸೆಂ.ಮೀ. ಬೇಕು. ಸಾಮಾನ್ಯ ಜಂಪರ್ ಪೀಸ್ 80 ಸೆಂ.ಮೀ.ನದು. ಅದನ್ನು ಚೌಕಕ್ಕೆ ಮಡಚಿದರೆ ಕರ್ಣ 113 ಮಾತ್ರ, ಸಾಲುವುದಿಲ್ಲ. ಒಂದು ಮೀಟರ್ ಪೀಸನ್ನು 90ಕ್ಕೆ ಮಡಚಿಕೊಂಡರೆ ಸಲೀಸಾಗಿ ಕೂಡುತ್ತದೆ. 12 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಸಣ್ಣ ಸ್ಟೀಲ್ ಡಬ್ಬಿಗೆ 74 ಸೆಂ.ಮೀ. ಕರ್ಣ ಸಾಕು, ಬದಿ 53. ಇದಕ್ಕೆ ಇಡೀ ಜಂಪರ್ ಪೀಸ್ ಬಳಸಿದರೆ ತುದಿಗಳು ಸಡಿಲವಾಗಿ ಜೋತಾಡುತ್ತವೆ. ನಲವತ್ತು ಡಬ್ಬಿಗೆ ಬೇರೆಯದೇ ಬಟ್ಟೆ ಬೇಕು, ಅದಕ್ಕೆ ಬರುತ್ತೇನೆ.

ಬಟ್ಟೆಯ ಜಾತಿ ಯಾವುದು ಅನ್ನುವುದರ ಮೇಲೆ ಗಂಟು ನಿಲ್ಲುತ್ತದೋ ಜಾರುತ್ತದೋ ಅನ್ನುವುದು ನಿಂತಿದೆ. ಹತ್ತಿಯ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮಲ್ ಬಟ್ಟೆ, ಪಾಪ್ಲಿನ್, ತೊಳೆದು ತೊಳೆದು ಮೆತ್ತಗಾದ ಕಾಟನ್ ಸೀರೆ, ಇವು ಗಂಟಿಗೆ ಹೇಳಿ ಮಾಡಿಸಿದವು. ಉಡಿಗೆ ಬರುವ ಜಂಪರ್ ಪೀಸುಗಳಲ್ಲಿ ಒಂದಿಷ್ಟು ರೇಷ್ಮೆಯ ಹಾಗೆ ಹೊಳೆಯುವ ಪಾಲಿಯೆಸ್ಟರ್. ಅವು ಜಾರುತ್ತವೆ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಚಿಮಟಿಯಲ್ಲಿ ಹಿಡಿದು ಬೆಂಕಿ ಮುಟ್ಟಿಸಿ. ಕಾಗದ ಸುಟ್ಟ ವಾಸನೆ ಬಂದು, ಮೆತ್ತನೆಯ ಬೂದಿ ಉದುರಿದರೆ ಹತ್ತಿ. ಕರಗಿ, ತಣ್ಣಗಾದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್. ಟ್ರಂಕಿನ ರಾಶಿಯನ್ನು ಹೀಗೆ ಎರಡು ಪಾಲು ಮಾಡಿಕೊಳ್ಳಿ. ಹೊಳೆಯುವ ಪೀಸುಗಳನ್ನು ಬೀಸಾಡಬೇಕಿಲ್ಲ. ಅವನ್ನು ಸುತ್ತಿ, ಮೇಲೆ ಕಾಟನ್ ಪಟ್ಟಿಯಿಂದ ಬಿಗಿದರೆ ಜಾರುವ ಕಾಟ ತಪ್ಪುತ್ತದೆ. ಯಾರೂ ಹೊಲಿಸಿಕೊಳ್ಳಲಾರದಷ್ಟು ತೆಳುವಾದ ಪೀಸುಗಳು ನಮ್ಮ ಕಡೆ ಒಂದು ಉಡಿಯಿಂದ ಇನ್ನೊಂದು ಉಡಿಗೆ ತಿರುಗುತ್ತಲೇ ಇರುತ್ತವೆ. ನಿಮ್ಮ ಕುಬಸದಲ್ಲಾದರೂ ಆ ಸುತ್ತಾಟ ನಿಲ್ಲಲಿ, ಉಡುವಂಥದ್ದನ್ನೇ ಆರಿಸಿ.

ಹೊಸ ಬಟ್ಟೆಯಾದರೆ ಬಣ್ಣ ಬಿಡುತ್ತದೋ ಎಂದು ಮೊದಲೇ ನೋಡಿಕೊಳ್ಳಿ. ಬಿಳಿ ದಸ್ತಿಯನ್ನು (ಕರವಸ್ತ್ರವನ್ನು) ಒದ್ದೆ ಮಾಡಿ ಬಟ್ಟೆಯ ಮೂಲೆಗೆ ಬಲವಾಗಿ ಉಜ್ಜಿ. ದಸ್ತಿಗೆ ಕೆಂಪು, ನೀಲಿ ಹತ್ತಿದರೆ ಆ ಬಟ್ಟೆಯನ್ನು ಬೀಗತಿಯ ಸೀರೆಗೆ ಸುತ್ತಬೇಡಿ.

ಅಂಚಿನ ಚಿಂತೆ. ಹೊಲಿಯದೆ ಅಂಚು ನಿಲ್ಲಿಸುವುದು ಕಷ್ಟವೇನಲ್ಲ. ಮಗ್ಗದಿಂದ ಬಂದ ಬಟ್ಟೆಯ ಎರಡು ಬದಿಗೆ ಗಟ್ಟಿ ದಡಿ ಇದ್ದೇ ಇರುತ್ತದೆ, ಅದು ಎಳೆ ಬಿಡುವುದಿಲ್ಲ. ಉಳಿದ ಎರಡು ಬದಿಯದಷ್ಟೇ ಪ್ರಶ್ನೆ. ಅಲ್ಲಿ ಕತ್ತರಿಯಿಂದ ಕತ್ತರಿಸುವ ಬದಲು ಹರಿಯಿರಿ. ಅಂಗಡಿಯವರು ಮಾಡುವುದನ್ನು ನೋಡಿರುತ್ತೀರಿ: ದಡಿಗೆ ಒಂದು ಬೆರಳಿನಷ್ಟು ಕತ್ತರಿ ಹಾಕಿ, ಎರಡೂ ಕೈಯಿಂದ ಹಿಡಿದು ಪರ್ರನೆ ಎಳೆಯುತ್ತಾರೆ. ಸಾದಾ ನೇಯ್ಗೆಯ ಕಾಟನ್ ಒಂದೇ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಕತ್ತರಿಯಿಂದ ಅಷ್ಟು ನೇರ ಬರುವುದಿಲ್ಲ. ಓರೆಯಾಗಿ ಕತ್ತರಿಸಿದ ಅಂಚು ಒಂದೊಂದೇ ತುಂಡೆಳೆ ಉದುರಿಸುತ್ತಲೇ ಇರುತ್ತದೆ. ಹರಿದ ಮೇಲೆ ಅಂಚಿನ ನಾಲ್ಕೈದು ಎಳೆಗಳನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ಕಿತ್ತುಬಿಡಿ. ಅರ್ಧ ಬೆರಳಿನ ಜೂಲು ಬರುತ್ತದೆ, ನೋಡಲು ಶಾಲಿನ ಸೆರಗಿನಂತೆ ಕಾಣುತ್ತದೆ. ಎಳೆ ಬಿಡುವುದು ಅಲ್ಲಿಗೆ ಬಹುಪಾಲು ನಿಲ್ಲುತ್ತದೆ, ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಇನ್ನೂ ಬಿಗಿ. ಜಿಗ್‌ಜಾಗ್ ಕತ್ತರಿ ಯಾರ ಹತ್ತಿರವಾದರೂ ಸಿಕ್ಕರೆ ಅದೂ ಒಳ್ಳೆಯದೇ.

ಪಾಲಿಯೆಸ್ಟರ್ ಅಂಚನ್ನು ಮೇಣದಬತ್ತಿಯ ಉರಿಯ ಪಕ್ಕದಲ್ಲಿ ಸರಸರ ಹಾಯಿಸಿ ಕರಗಿಸಿ ಮುಚ್ಚುವವರಿದ್ದಾರೆ. ಕಾಟನ್‌ಗೆ ಇದನ್ನು ಮಾಡಲೇಬೇಡಿ, ಹೊತ್ತಿಕೊಳ್ಳುತ್ತದೆ. ಸುಟ್ಟ ಅಂಚಿನ ಬಟ್ಟೆಯನ್ನು ಶುಭಕಾರ್ಯದಲ್ಲಿ ಮುಟ್ಟದ ಮನೆಗಳು ನಮ್ಮ ಕಡೆ ಬಹಳ, ಹಾಗಾಗಿ ಕುಬಸಕ್ಕೆ ಈ ದಾರಿ ನನಗೆ ಒಪ್ಪಿಗೆಯಿಲ್ಲ. ಇಡೀ ಜಂಪರ್ ಪೀಸಿನಲ್ಲಿ ಅಂಚಿನ ತೊಂದರೆಯೇ ಇಲ್ಲ. ಚೌಕಕ್ಕೆ ತರಲು ಮಡಚುತ್ತೀರಲ್ಲ, ಹರಿದ ಬದಿಯನ್ನೇ ಒಳಗೆ ಮಡಚಿ.

ಈಗ ಗಂಟು. ನಮ್ಮ ಕಡೆಯವರಿಗೆ ಇದು ಹೊಸ ವಿದ್ಯೆಯಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ, ಊರಿಂದ ಊರಿಗೆ ನಡೆಯುವಾಗ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲ ಒಂದು ಬಟ್ಟೆಯಲ್ಲಿ ಬುತ್ತಿಯಾಗಿ ಕೂತಿರುತ್ತಿತ್ತು. ಜಪಾನಿನವರು ಇದನ್ನೇ ಫುರೋಶಿಕಿ ಎಂದು ನೂರಾರು ವರ್ಷ ಬೆಳೆಸಿ, ಡಬ್ಬಿಗೊಂದು, ಬಾಟಲಿಗೊಂದು, ಪುಸ್ತಕಕ್ಕೊಂದು ಕಟ್ಟುವ ಬಗೆ ಮಾಡಿಟ್ಟಿದ್ದಾರೆ. ಪ್ಲಾಸ್ಟಿಕ್ ಚೀಲ ಬಂದು ಅಲ್ಲಿಯೂ ಅದು ಹಿಂದೆ ಸರಿದಾಗ, 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯ್ಕೆ ಹಳೆ ಪ್ಲಾಸ್ಟಿಕ್ ಬಾಟಲಿಗಳಿಂದ ತೆಗೆದ ಎಳೆಯಲ್ಲಿ ಫುರೋಶಿಕಿ ಮಾಡಿಸಿ, ಮತ್ತೆ ಬಳಸಿ ಎಂದು ಜನರಿಗೆ ಹೇಳಿದರು. ಕೊರಿಯಾದಲ್ಲೂ ಬೋಜಾಗಿ ಎಂಬ ಸುತ್ತುಬಟ್ಟೆ ಇದೆ. ಬಟ್ಟೆ ಯಾವ ದೇಶದ್ದಾದರೂ ಗಂಟಿನ ಲೆಕ್ಕ ಒಂದೇ.

ಬಲಗೈಯ ತುದಿಯನ್ನು ಎಡಗೈಯ ತುದಿಯ ಮೇಲೆ ಹಾಕಿ, ಕೆಳಗಿಂದ ತೂರಿಸಿ ಬಿಗಿಯಿರಿ. ಅರ್ಧ ಗಂಟು ಆಯಿತು. ಈಗ ಮೊದಲು ಮೇಲೆ ಬಂದಿದ್ದ ತುದಿ ಎಡಗಡೆಗೆ ಹೋಗಿದೆ. ಎರಡನೇ ಸಲವೂ ಅದೇ ತುದಿಯೇ ಮೇಲೆ ಬರಬೇಕು. ಅದನ್ನು ಬಲಗಡೆಯ ತುದಿಯ ಮೇಲೆ ಹಾಕಿ, ಕೆಳಗಿಂದ ತೂರಿಸಿ ಎಳೆಯಿರಿ. ಕಟ್ಟಿ ಮುಗಿದ ಮೇಲೆ ಗಂಟನ್ನು ಮೇಲಿಂದ ನೋಡಿ. ಎರಡು ತುದಿಗಳು ಡಬ್ಬಿಯ ಉದ್ದಕ್ಕೆ ಎಡಕ್ಕೂ ಬಲಕ್ಕೂ ಮಲಗಿದ್ದರೆ ಸರಿ. ಒಂದು ತುದಿ ಮೇಲಕ್ಕೆ, ಒಂದು ಕೆಳಕ್ಕೆ ಅಡ್ಡಡ್ಡ ನಿಂತಿದ್ದರೆ ತಪ್ಪಾಗಿದೆ. ಅಡ್ಡ ನಿಂತ ಗಂಟು ಎತ್ತಿ ಒಯ್ಯುವಾಗ ಸಡಿಲವಾಗುತ್ತದೆ, ಇಲ್ಲವೇ ಬಿಗಿದು ಕಗ್ಗಂಟಾಗಿ ಹಲ್ಲಿನಿಂದ ಬಿಚ್ಚಬೇಕಾಗುತ್ತದೆ. ನೀವು ಹೆದರಿದ್ದು ಈ ಗಂಟಿಗೇ.

ಸರಿಯಾದ ಗಂಟಿನ ಗುಣ ಏನೆಂದರೆ, ಭಾರ ಬಿದ್ದಷ್ಟೂ ಹಿಡಿದುಕೊಳ್ಳುತ್ತದೆ, ಬೇಕೆಂದಾಗ ಒಂದೇ ಎಳೆತಕ್ಕೆ ಬಿಡುತ್ತದೆ. ಒಂದು ಬದಿಯ ತುದಿಯನ್ನು ಒಂದು ಕೈಯಲ್ಲಿ, ಅದೇ ಬದಿಯಲ್ಲಿ ಗಂಟಿನೊಳಗೆ ಹೋಗುವ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರಾಗಿ ಎಳೆಯಿರಿ. ಆ ಎಳೆ ನೆಟ್ಟಗಾಗುತ್ತದೆ, ಇನ್ನೊಂದು ಅದರ ಸುತ್ತ ಬರೀ ಉಂಗುರವಾಗುತ್ತದೆ. ಉಂಗುರವನ್ನು ಸರಿಸಿದರೆ ಗಂಟು ಬಿಚ್ಚಿತು. ಕೊಡುವಾಗ ಇದನ್ನೂ ತೋರಿಸಿ. ಇಲ್ಲದಿದ್ದರೆ ಕತ್ತರಿ ಹುಡುಕುತ್ತಾರೆ.

ಸೀರೆಯ ಪೆಟ್ಟಿಗೆಗೆ ಹೀಗೆ ಮಾಡಿ. ಬಟ್ಟೆಯ ಒಳಮೈ ಮೇಲೆ ಬರುವಂತೆ, ಒಂದು ಮೂಲೆ ನಿಮ್ಮ ಹೊಟ್ಟೆಯ ಕಡೆಗೆ ಬರುವಂತೆ ಹಾಸಿ. ಪೆಟ್ಟಿಗೆ ನಟ್ಟನಡುವೆ, ಉದ್ದ ಬದಿ ಎಡದಿಂದ ಬಲಕ್ಕೆ ಇರಲಿ. ಹತ್ತಿರದ ಮೂಲೆಯನ್ನು ಪೆಟ್ಟಿಗೆಯ ಮೇಲೆ ಹೊದಿಸಿ ತುದಿಯನ್ನು ಅಡಿಗೆ ಸಿಕ್ಕಿಸಿ. ದೂರದ ಮೂಲೆಯನ್ನು ಅದರ ಮೇಲೆ ತಂದು, ಹೆಚ್ಚಾದದ್ದನ್ನು ಒಳಕ್ಕೆ ಮಡಚಿ. ಈಗ ಎಡಬಲದ ಮೂಲೆಗಳು ಉಳಿದವು. ಅವನ್ನು ಪೆಟ್ಟಿಗೆಯ ಬದಿಗೆ ತಾಗಿಸಿ, ಸೀರೆಯ ನಿರಿಗೆ ಹಿಡಿಯುವಂತೆ ಬೆರಳಲ್ಲಿ ಕೂಡಿಸಿಕೊಂಡು ಮೇಲೆ ತಂದು ಗಂಟು ಹಾಕಿ. ಬದಿಯ ಬಟ್ಟೆಯನ್ನು ಮೊದಲೇ ಬಿಗಿಯಾಗಿ ಕೂಡಿಸಿಕೊಳ್ಳದೆ ಗಂಟಿನಲ್ಲೇ ಬಿಗಿಯುತ್ತೇನೆಂದರೆ ಆಗುವುದಿಲ್ಲ. ಮೂಲೆಗಳಲ್ಲಿ ಬಟ್ಟೆ ಉಬ್ಬಿಕೊಂಡು ನಿಲ್ಲುತ್ತದೆ.

ಸ್ಟೀಲ್ ಡಬ್ಬಿಯ ಮೈ ನುಣುಪು, ಬಟ್ಟೆಯೊಳಗೆ ಜಾರಿ ಓರೆಯಾಗುತ್ತದೆ. ಅದಕ್ಕೆ ನಾಲ್ಕೂ ಮೂಲೆ ಬಳಸಿ: ಎದುರುಬದುರು ಎರಡು ಮೂಲೆ ಕೂಡಿಸಿ ಒಂದು ಗಂಟು, ಅದರ ಮೇಲೆ ಉಳಿದೆರಡು ಕೂಡಿಸಿ ಇನ್ನೊಂದು. ಭಾರ ಎರಡು ಗಂಟಿಗೆ ಹಂಚಿಹೋಗುತ್ತದೆ, ಮೇಲಿನ ಗಂಟೇ ಹಿಡಿಕೆಯಾಗುತ್ತದೆ. ಈ ಎರಡು ಬಗೆ ಕೈಗೆ ಕೂತರೆ ಸಾಕು. ಪುಸ್ತಕ, ತೆಂಗಿನಕಾಯಿ, ಆಟಿಕೆ ಎಲ್ಲವೂ ಇವುಗಳಲ್ಲೇ ಬರುತ್ತವೆ.

ಟಾವೆಲ್‌ನಂಥ ಉದ್ದ ಬಟ್ಟೆಯಲ್ಲಿ ಕಟ್ಟುವುದು ಇನ್ನೂ ಸುಲಭ. ವಸ್ತುವನ್ನು ನಡುವೆ ಇಟ್ಟು, ಉದ್ದ ಬದಿಗಳನ್ನು ಒಂದರ ಮೇಲೊಂದು ಹೊದಿಸಿ, ಎರಡು ತುದಿಗಳನ್ನು ಮೇಲೆ ತಂದು ಕಟ್ಟಿದರೆ ಆಯಿತು. ಬೀಗರಿಗೆ ಟಾವೆಲ್ ಕೊಡುವ ಪದ್ಧತಿ ಹೇಗೂ ಇದೆ, ಕೊಡುವ ಟಾವೆಲ್ಲೇ ಹೊದಿಕೆಯೂ ಆಗಲಿ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ನೇಕಾರರ ಊರು. ಅಲ್ಲಿಯ ಬಟ್ಟೆ ಕೊಟ್ಟರೆ ಹೊದಿಕೆಯೂ ನಮ್ಮೂರಿನದೇ ಅನ್ನಬಹುದು.

ಇನ್ನು ನಲವತ್ತು ಡಬ್ಬಿಗಳು. ಹಳೆ ಸೀರೆ ಹರಿಯುವ ಯೋಚನೆ ನಿಮಗೆ ಬಂದಿರುತ್ತದೆ. 5.5 ಮೀಟರ್ ಉದ್ದ, 115 ಸೆಂ.ಮೀ. ಅಗಲದ ಸೀರೆಯಲ್ಲಿ ನಿಮ್ಮ ಡಬ್ಬಿಗೆ ಸಾಲುವ 57 ಸೆಂ.ಮೀ.ನ ಚೌಕ 18 ಬರುತ್ತವೆ. ಆದರೆ ಉಟ್ಟ ಸೀರೆಯ ತುಂಡನ್ನು ಹೊರಗಿನ ಮುತ್ತೈದೆಯರಿಗೆ ಕೊಡುವುದು ಬೇಡ. ಹಿರಿಯರು ಅಂದುಕೊಳ್ಳುವುದಾದರೆ ಇದಕ್ಕೇ ಅಂದುಕೊಳ್ಳುತ್ತಾರೆ, ಬಟ್ಟೆಯಲ್ಲಿ ಕಟ್ಟಿದ್ದಕ್ಕಲ್ಲ. ಉಡಿ ತುಂಬುವ ಕಾರ್ಯದಲ್ಲಿ ಬಟ್ಟೆಯ ಗಂಟು ಯಾರಿಗೂ ಹೊರತಲ್ಲ. ಹಳೆ ಸೀರೆಯ ಚೌಕಗಳನ್ನು ಮನೆಯ ಮಕ್ಕಳ ಉಡುಗೊರೆಗೆ, ಅಕ್ಕತಂಗಿಯರಿಗೆ ಕಟ್ಟಿಕೊಡುವ ಉಂಡಿ ಡಬ್ಬಿಗೆ ಇಟ್ಟುಕೊಳ್ಳಿ. ಅಜ್ಜಿಯ ಸೀರೆಯೆಂದರೆ ಮೊಮ್ಮಕ್ಕಳು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಸೀರೆಗಳಲ್ಲಿ ಇಳಕಲ್ ಇದ್ದರೆ ಹರಿಯಲೇಬೇಡಿ. ಸೆರಗನ್ನು ಮೈಗೆ ಕೊಂಡಿ ಹಾಕಿ ಕೂಡಿಸುವ ಆ ನೇಯ್ಗೆ ತುಂಡು ಮಾಡುವಂಥದ್ದಲ್ಲ.

ಮುತ್ತೈದೆಯರ ಡಬ್ಬಿಗೆ ಹೊಸ ಕಾಟನ್ ತನ್ನಿ. ಮ್ಯಾಚಿಂಗ್ ಸೆಂಟರಿನಲ್ಲಿ ಲೈನಿಂಗ್ ಬಟ್ಟೆ ಎಲ್ಲ ಬಣ್ಣದಲ್ಲೂ ಸಿಗುತ್ತದೆ, ಮೆತ್ತಗಿರುತ್ತದೆ, ಬೆಲೆಯೂ ಕಡಿಮೆ. ಕೊಳ್ಳುವ ಮುಂಚೆ ಪನ್ನ (ಬಟ್ಟೆಯ ಅಗಲ) ಎಷ್ಟು ಎಂದು ಕೇಳಿ. 44 ಇಂಚಿನ ಪನ್ನವಾದರೆ ಅಡ್ಡಕ್ಕೆ ಎರಡು ಚೌಕ ಕೂಡುತ್ತವೆ, ನಲವತ್ತಕ್ಕೆ 11.5 ಮೀಟರ್ ಸಾಕು. 36 ಇಂಚಿನದಾದರೆ ಎರಡು ಚೌಕ ಬರುವುದಿಲ್ಲ, 45 ಸೆಂ.ಮೀ.ನ ತುಂಡುಗಳಾಗಿ ನಿಮ್ಮ ಡಬ್ಬಿಗೆ ಸಾಲದೆ ಹೋಗುತ್ತವೆ. ಅಂಗಡಿಯವರಿಗೇ 56 ಸೆಂ.ಮೀ.ಗೊಂದು ಹರಿದುಕೊಡಿ ಅನ್ನಿ, ಮನೆಗೆ ಬಂದು ನಡುವೆ ಒಂದು ಸಲ ಹರಿದರೆ ಮುಗಿಯಿತು. ಹಸಿರು, ಅರಿಶಿನ, ಕುಂಕುಮ ಬಣ್ಣ ತೆಗೆದುಕೊಳ್ಳಿ, ಕಪ್ಪು ಬೇಡ. ಈ ಅಳತೆಯ ಚೌಕದಲ್ಲಿ ಆಮೇಲೆ ನಾಲ್ಕು ರೊಟ್ಟಿ ಸುತ್ತಬಹುದು, ಮೊಳಕೆ ಕಾಳು ಕಟ್ಟಬಹುದು. ಡಬ್ಬಿಯೊಳಗೆ ತುಪ್ಪದ ಉಂಡಿ ಇಡುವುದಾದರೆ ಮುಚ್ಚಳ ಬಿಗಿಯಿರಲಿ, ಜಿಡ್ಡು ಹತ್ತಿದ ಕಲೆ ಸುಲಭವಾಗಿ ಹೋಗುವುದಿಲ್ಲ.

ಕಿನ್ನಾಳ ಗೊಂಬೆಗೆ ಮಾತ್ರ ಎಚ್ಚರ. ಹಗುರ ಮರದ ಮೈ, ಅದರ ಮೇಲೆ ಬಣ್ಣದ ಪದರ. ಚಾಚಿದ ಕೈ, ಆನೆಯ ಸೊಂಡಿಲು, ಪಕ್ಷಿಯ ಕೊಕ್ಕು, ಇವುಗಳ ಮೇಲೆ ಗಂಟಿನ ಒತ್ತಡ ಬಿದ್ದರೆ ಬಣ್ಣ ಚಕ್ಕೆ ಏಳುತ್ತದೆ. ಮೊದಲು ಹಳೆ ಮಲ್ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಹೊರಬಟ್ಟೆ ಕಟ್ಟಿ. ಕನ್ನಡಿ ಕೂಡಿಸಿದ ಸಂಡೂರಿನ ಲಂಬಾಣಿ ಕಸೂತಿಯ ಬಟ್ಟೆ ಮನೆಯಲ್ಲಿದ್ದು, ಅದನ್ನೇ ಸುತ್ತೋಣ ಅನ್ನಿಸಿದರೆ ತಡೆಯಿರಿ. ಕನ್ನಡಿ ಗೊಂಬೆಯ ಬಣ್ಣ ಕೆರೆಯುತ್ತದೆ, ಗಂಟು ಕಸೂತಿಯ ಎಳೆ ಜಗ್ಗುತ್ತದೆ. ಅಂಥ ಬಟ್ಟೆ ತಾನೇ ಒಂದು ಉಡುಗೊರೆ, ಮಡಚಿಯೇ ಕೊಡಿ.

ನೀವು ಕೇಳದಿದ್ದರೂ ಇನ್ನೊಂದು ಉಪಾಯ ಹೇಳುತ್ತೇನೆ, ಬಾಟಲಿಯಂಥ ವಸ್ತುಗಳಿಗೆ ಬರುತ್ತದೆ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ನಮ್ಮ ಕಡೆ ಮನೆಮನೆಯಲ್ಲಿ ಇದೆ, ಮೊಣಕಾಲು ಹರಿದರೆ ಮೂಲೆಗೆ ಬೀಳುತ್ತದೆ. ಆ ಬಟ್ಟೆ ದಪ್ಪ, ಗಂಟಿಗೆ ಬಗ್ಗುವುದಿಲ್ಲ. ಆದರೆ ಅದರ ಕಾಲು ಆಗಲೇ ಹೊಲಿದಿಟ್ಟ ಕೊಳವೆ. ಕೆಳಗಿನಿಂದ ಎರಡು ಗೇಣು ಕತ್ತರಿಸಿ, ಒಳಮೈ ಹೊರಗೆ ತಿರುವಿ. ಕತ್ತರಿಸಿದ ತುದಿಯನ್ನು ಗಟ್ಟಿ ದಾರದಿಂದ ಬಿಗಿದು ಕಟ್ಟಿ, ಮತ್ತೆ ಮೊದಲಿನಂತೆ ತಿರುವಿ. ಕಟ್ಟಿದ ತುದಿ ಒಳಗೆ ಅಡಗಿ ತಳವಾಗುತ್ತದೆ, ಪ್ಯಾಂಟಿನ ಮಡಚಿ ಹೊಲಿದ ಅಂಚು ಬಾಯಾಗುತ್ತದೆ. ಜೇನಿನ ಬಾಟಲಿ ಇಟ್ಟು ಬಾಯಿಗೆ ಒಂದು ಪಟ್ಟಿ ಕಟ್ಟಿದರೆ ಆಯಿತು, ಒಂದು ಹೊಲಿಗೆಯನ್ನೂ ಹಾಕಬೇಕಿಲ್ಲ.

ಕೊನೆಗೆ, ಈ ಬಟ್ಟೆ ವಾಪಸ್ ಕೊಡಬೇಕೇ ಎಂಬ ಪ್ರಶ್ನೆ ತೆಗೆದುಕೊಂಡವರಿಗೆ ಬಂದೇ ಬರುತ್ತದೆ. ನಮ್ಮಲ್ಲಿ ಖಾಲಿ ಡಬ್ಬಿ ವಾಪಸ್ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಬಟ್ಟೆಗೂ ಹಾಗೇ ಲೆಕ್ಕ ಹಾಕಿ ಕೆಲವರು ಮುಜುಗರ ಪಡುತ್ತಾರೆ. ಕೊಡುವಾಗಲೇ "ಅರಿವಿನೂ ನಿಮಗೇರಿ, ರೊಟ್ಟಿ ಸುತ್ತಾಕ ಬರತೈತಿ" ಎಂದು ಬಾಯಿಬಿಟ್ಟು ಹೇಳಿಬಿಡಿ. ಮನೆಯವರೊಳಗೆ ಮಾತ್ರ ಬೇಕಾದರೆ ಒಂದೇ ಬಟ್ಟೆ ಹಬ್ಬದಿಂದ ಹಬ್ಬಕ್ಕೆ ತಿರುಗಲಿ.

ಎಲ್ಲ ಡಬ್ಬಿಗಳನ್ನು ಕುಬಸದ ಹಿಂದಿನ ದಿನ ಸಂಜೆ ಕಟ್ಟಿ, ಅದಕ್ಕಿಂತ ಮುಂಚೆ ಬೇಡ. ವಾರಗಟ್ಟಲೆ ಗಂಟಿನಲ್ಲಿದ್ದರೆ ಬಟ್ಟೆಗೆ ಬಿದ್ದ ಸುಕ್ಕು ಇಸ್ತ್ರಿಗೂ ಬೇಗ ಹೋಗುವುದಿಲ್ಲ. ಇಬ್ಬರು ಕೂತರೆ ಒಬ್ಬರು ಹಾಸಿ ಇಡುವುದು, ಒಬ್ಬರು ಗಂಟು ಹಾಕುವುದು, ಬೇಗ ಮುಗಿಯುತ್ತದೆ. ಗಂಟು ಹಾಕುವವರು ಮೊದಲ ಎರಡು ಮೂರು ಡಬ್ಬಿಗಳನ್ನು ಹಿಡಿಕೆಯಲ್ಲಿ ಎತ್ತಿ ಅಲುಗಾಡಿಸಿ ನೋಡಿ ಮುಂದುವರಿಯಲಿ.